ಥರ್ಮೋಸ್ಟಾಟ್ ಇಲ್ಲದ ಅಂಬಾಸಿಡರ್

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿದಾಗ ಟೆಂಪರೇಚರ್ ಸೂಜಿ ನಡುಮಧ್ಯದಲ್ಲಿತ್ತು. ಮುಂದೊಂದು ಗ್ಯಾಸ್ ಟ್ಯಾಂಕರ್, ಅದರ ಮುಂದೆ ಇನ್ನೊಂದು. ಓವರ್‌ಟೇಕ್ ಮಾಡುವ ಮಾತೇ ಇಲ್ಲ. ಎರಡನೇ ಗೇರಿನಲ್ಲಿ ತೆವಳುತ್ತಾ ತಿರುವಿನ ಮೇಲೆ ತಿರುವು. ದೋಣಿಗಾಲ್ ಇನ್ನೇನು ಬಂತು ಅನ್ನುವಾಗ ಸೂಜಿ ಕೆಂಪಿಗೆ ತಾಗಿತು. ಹೆದರಿ ಕಾರನ್ನು ಬದಿಗೆ ಹಾಕಿದವನೇ ಎಂಜಿನ್ ನಿಲ್ಲಿಸಿಬಿಟ್ಟೆ. ಅಲ್ಲಿವರೆಗೆ ಸದ್ದಿಲ್ಲದಿದ್ದ ನೀರು ಆಮೇಲೆ ಕುದಿಯತೊಡಗಿತು. ಬಾನೆಟ್ ಸಂದಿಯಿಂದ ಹಬೆ, ಒಳಗಿಂದ ಗುಳುಗುಳು ಸದ್ದು, ಮುಂದಿನ ಚಕ್ರದ ಹತ್ತಿರ ಕೆಂಪು ನೀರಿನ ಕೊಚ್ಚೆ.

ಹಿಂದೆ ಬರುತ್ತಿದ್ದ ಲಾರಿಯವರು ನಿಲ್ಲಿಸಿ ಇಳಿದು ಬಂದರು. "ಯಾಕ್ ಸಾರ್ ಆಫ್ ಮಾಡಿದ್ರಿ? ಸ್ವಲ್ಪ ರೇಸ್ ಕೊಟ್ಕೊಂಡು ಗಾಳಿಗೆ ನಿಲ್ಲಿಸ್ಬೇಕಿತ್ತು. ಈಗ ನೋಡಿ, ಒಳಗೆ ಅನ್ನ ಬೇಯ್ತಾ ಇದೆ." ರೇಡಿಯೇಟರ್ ಕ್ಯಾಪಿಗೆ ಬಟ್ಟೆ ಸುತ್ತಿ ತಿರುಗಿಸಲು ಹೊರಟ ನನ್ನ ಕೈಯನ್ನು ಹಿಡಿದೆಳೆದವರೂ ಅವರೇ. "ಮುಖ ಬೇಕಾ ಬೇಡ್ವಾ? ಅರ್ಧ ಗಂಟೆ ಬಿಟ್ಟು ಮುಟ್ಟಿ. ಆಮೇಲೂ ತಣ್ಣೀರು ಸುರೀಬೇಡಿ, ಬ್ಲಾಕ್ ಬಿರುಕು ಬಿಟ್ಟುಬಿಡುತ್ತೆ." ಒಂದು ಕ್ಯಾನ್ ನೀರು ಇಟ್ಟು ಹೊರಟುಹೋದರು.

ಆ ಅರ್ಧ ಗಂಟೆ ಘಾಟಿಯ ತಡೆಗೋಡೆಯ ಮೇಲೆ ಕೂತು ಯೋಚಿಸಿದೆ. ಕಾರು ನನ್ನ ಕೈಗೆ ಬಂದು ನಾಲ್ಕು ವರ್ಷ. ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುತ್ತೇನೆ, ಪಾಯಿಂಟ್ ಗ್ಯಾಪ್ ಹಿಡಿಯುತ್ತೇನೆ, ಬ್ರೇಕ್ ಶೂ ಬದಲಿಸಿದ್ದೇನೆ. ರೇಡಿಯೇಟರ್‌ಗೆ ಮಾತ್ರ ಪ್ರತಿ ಭಾನುವಾರ ಮುಚ್ಚಳ ತೆಗೆದು ಚೊಂಬಿನಲ್ಲಿ ನೀರು ಸುರಿದದ್ದಷ್ಟೇ. ಸುರಿದ ನೀರು ಎಲ್ಲಿಗೆ ಹೋಗುತ್ತದೆ, ಯಾವ ದಾರಿಯಲ್ಲಿ ಮರಳುತ್ತದೆ ಎಂದು ಒಂದು ದಿನವೂ ಕೇಳಿಕೊಂಡವನಲ್ಲ.

ನನ್ನದು ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್. ಮಾರಿಸ್ ಆಕ್ಸ್‌ಫರ್ಡ್ ಸರಣಿ ಮೂರರ ಅಚ್ಚನ್ನು ತಂದು ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಕಟ್ಟಿದ ಕಾರು. 2014ರಲ್ಲಿ ಅದರ ತಯಾರಿ ನಿಂತಿತು. ಎಂಜಿನ್ ಬಿಎಂಸಿ ಕಂಪನಿಯ ಬಿ ಸರಣಿಯದು, 1489 ಸಿಸಿ. ಇದೇ ಎಂಜಿನ್ನನ್ನು ಇನ್ನಷ್ಟು ಚುರುಕು ಮಾಡಿ 1955ರಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೆ ಇಟ್ಟಿದ್ದರು. ಮದುವೆ ದಿಬ್ಬಣ ಹೊತ್ತ ನಮ್ಮ ಅಂಬಾಸಿಡರ್‌ಗೂ ಅದಕ್ಕೂ ದಾಯಾದಿ ಸಂಬಂಧ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬೇಡ. ಒಳಗಿನ ನೀರಿನ ದಾರಿಯ ಲೆಕ್ಕದಲ್ಲಿ ಆ ಸಂಬಂಧ ನನಗೆ ಆಮೇಲೆ ಉಪಕಾರಕ್ಕೆ ಬಂತು. ಇಲ್ಲಿ ಯಾರೂ ಬರೆದಿಡದ ಸಂಗತಿಯನ್ನು ಎಂಜಿಎ ಇಟ್ಟುಕೊಂಡ ಇಂಗ್ಲೆಂಡಿನವರು ಐವತ್ತು ವರ್ಷದಿಂದ ಬರೆದಿಟ್ಟಿದ್ದಾರೆ.

ಸಿಲಿಂಡರ್ ಒಳಗೆ ಪೆಟ್ರೋಲ್ ಉರಿಯುವಾಗ ಶಾಖ 2000 ಡಿಗ್ರಿ ದಾಟುತ್ತದೆ. ಬೀಡು ಕಬ್ಬಿಣ ಸುಮಾರು 1200ಕ್ಕೆ ಕರಗುತ್ತದೆ. ಅಂದರೆ ಎಂಜಿನ್ ತನ್ನನ್ನೇ ಕರಗಿಸಿಕೊಳ್ಳಬಲ್ಲಷ್ಟು ಬೆಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡುತ್ತದೆ. ನಾವು ಕಾಸು ಕೊಟ್ಟು ಹಾಕಿಸಿದ ಪೆಟ್ರೋಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಇನ್ನೊಂದು ಪಾಲು ರೇಡಿಯೇಟರ್ ಮೂಲಕ ಗಾಳಿಗೆ. ಚಕ್ರ ತಿರುಗಿಸಲು ಸಿಗುವುದು ಉಳಿದದ್ದರಲ್ಲಿ ಘರ್ಷಣೆ ತಿಂದು ಬಿಟ್ಟದ್ದು. ಲಾರಿಯವರು ಬೈದದ್ದರ ಅರ್ಥ ಇಲ್ಲಿದೆ. ಎಂಜಿನ್ ಆಫ್ ಆದರೆ ಬೆಂಕಿ ಆರುತ್ತದೆ, ಆದರೆ ಪಂಪೂ ಫ್ಯಾನೂ ನಿಲ್ಲುತ್ತವೆ. ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ನ ಕಬ್ಬಿಣದಲ್ಲಿದ್ದ ಶಾಖವೆಲ್ಲ ನಿಂತ ನೀರಿಗೆ ಇಳಿಯುತ್ತದೆ, ನೀರು ಕುದಿಯುತ್ತದೆ. ನೀರು ಆಗಲೇ ಖಾಲಿಯಾಗಿದ್ದರೆ ನಿಲ್ಲಿಸಲೇಬೇಕು, ಅದು ಬೇರೆ ಮಾತು. ನನ್ನ ಕಾರಿನಲ್ಲಿ ನೀರಿತ್ತು. ಅದಕ್ಕೆ ಓಡಾಟ ಬೇಕಿತ್ತು.

ನೀರಿನ ಓಡಾಟವನ್ನು ನನಗೆ ಮೊದಲು ಅರ್ಥ ಮಾಡಿಸಿದ್ದು ನಮ್ಮ ಮನೆಯ ತಾರಸಿಯ ಸೋಲಾರ್. ಆ ಟ್ಯಾಂಕನ್ನು ಯಾವತ್ತೂ ಗಾಜಿನ ಪ್ಯಾನೆಲ್‌ಗಿಂತ ಮೇಲೆಯೇ ಇಟ್ಟಿರುತ್ತಾರೆ. ಪ್ಯಾನೆಲ್‌ನಲ್ಲಿ ಕಾದ ನೀರು ಹಗುರಾಗಿ ತಾನೇ ಮೇಲೇರಿ ಟ್ಯಾಂಕಿಗೆ ಹೋಗುತ್ತದೆ, ಟ್ಯಾಂಕಿನ ತಳದ ತಣ್ಣೀರು ಕೆಳಗಿಳಿದು ಪ್ಯಾನೆಲ್ ಸೇರುತ್ತದೆ. ಮೋಟಾರ್ ಇಲ್ಲ, ಕರೆಂಟ್ ಬೇಕಿಲ್ಲ. ಥರ್ಮೋಸೈಫನ್ ಎಂದು ಅದರ ಹೆಸರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಮೊದಲ ಎರಡೂವರೆ ಸಾವಿರದಷ್ಟು ಬಿಟ್ಟರೆ ಮಿಕ್ಕವು ಹೊರಟದ್ದು ವಾಟರ್ ಪಂಪ್ ಇಲ್ಲದೆಯೇ. ಎಂಜಿನ್‌ನಲ್ಲಿ ಕಾದ ನೀರು ಮೇಲಿನ ದಪ್ಪ ಪೈಪಿನಲ್ಲಿ ರೇಡಿಯೇಟರ್ ತಲೆಗೆ ಹೋಗುವುದು, ತಣಿದು ಭಾರವಾಗಿ ಇಳಿಯುವುದು, ಕೆಳಗಿನಿಂದ ಮತ್ತೆ ಎಂಜಿನ್‌ಗೆ ನುಗ್ಗುವುದು. ನೀರಿನ ಮಟ್ಟ ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ಮಾತ್ರ ಕೊಂಡಿ ಕಡಿದು ಎಲ್ಲ ನಿಂತಂತೆ.

ಅಂಬಾಸಿಡರ್‌ನ ಒಳಗಿರುವುದೂ ಇದೇ ಸೋಲಾರ್, ಅದಕ್ಕೊಂದು ಪಂಪು ಸೇರಿಸಿದ್ದಾರೆ ಅಷ್ಟೆ. ಬಾನೆಟ್ ಎತ್ತಿ ಮುಂದೆ ನಿಂತರೆ ಫ್ಯಾನ್ ಕಾಣುತ್ತದೆಯಲ್ಲ, ಅದರ ಬೆನ್ನ ಹಿಂದೆ, ಅದೇ ಶಾಫ್ಟಿನಲ್ಲಿ ವಾಟರ್ ಪಂಪ್. ಒಂದೇ ಫ್ಯಾನ್ ಬೆಲ್ಟ್ ಪಂಪು, ಫ್ಯಾನು, ಡೈನಮೊ ಮೂರನ್ನೂ ತಿರುಗಿಸುತ್ತದೆ. ಹಾಗಾಗಿ ಬೆಲ್ಟ್ ಸಡಿಲವಾದರೆ ಚಾರ್ಜಿಂಗ್ ದೀಪವೂ ಮಿಣುಕಿ ಚಾಡಿ ಹೇಳುತ್ತದೆ. ರೇಡಿಯೇಟರ್ ತಳದ ತಣ್ಣೀರು ಕೆಳಗಿನ ಹೋಸ್ ಮೂಲಕ ಪಂಪಿಗೆ ಬರುತ್ತದೆ. ಪಂಪ್ ಅದನ್ನು ಸಿಲಿಂಡರ್‌ಗಳಿರುವ ಕಬ್ಬಿಣದ ಗಟ್ಟಿಗೆ, ಅಂದರೆ ಬ್ಲಾಕ್‌ಗೆ, ತಳ್ಳುತ್ತದೆ. ನಾಲ್ಕು ಸಿಲಿಂಡರ್‌ಗಳ ಸುತ್ತ ಹರಿದು, ಬ್ಲಾಕ್‌ಗೂ ಹೆಡ್‌ಗೂ ನಡುವೆ ಕೂರುವ ಹಾಳೆಯಾದ ಹೆಡ್ ಗ್ಯಾಸ್ಕೆಟ್‌ನ ತೂತುಗಳಲ್ಲಿ ತೂರಿ ಹೆಡ್‌ಗೆ ಏರುತ್ತದೆ. ಹೆಚ್ಚು ಬೆಂಕಿ ಅಲ್ಲಿಯೇ, ಎಕ್ಸಾಸ್ಟ್ ವಾಲ್‌ಗಳ ಸುತ್ತ. ಅಲ್ಲಿಂದ ಮುಂದಕ್ಕೆ ಹರಿದು, ಹೆಡ್‌ನ ಮೂತಿಯಲ್ಲಿ ಶಾಖಕ್ಕೆ ತಕ್ಕಂತೆ ತೆರೆದು ಮುಚ್ಚುವ ವಾಲ್ ಆದ ಥರ್ಮೋಸ್ಟಾಟ್ ದಾಟಿ, ಮೇಲಿನ ಹೋಸ್‌ನಲ್ಲಿ ರೇಡಿಯೇಟರ್ ತಲೆಗೆ.

ಓದಿದರೆ ಇಷ್ಟೇ. ಮುಟ್ಟಿ ನೋಡಿದಾಗ ಬೇರೆ ಕಥೆ ಹೊರಬಂತು. ಘಾಟಿಯಿಂದ ಬಂದ ಮುಂದಿನ ಭಾನುವಾರ ಬೆಳಿಗ್ಗೆ ಹಾಸನದ ಚಳಿಯಲ್ಲಿ ಎಂಜಿನ್ ಶುರು ಮಾಡಿ, ಫ್ಯಾನಿಗೆ ಅಂಗಿತೋಳು ಸಿಗದಂತೆ ಮಡಚಿಕೊಂಡು, ಮೇಲಿನ ಹೋಸ್ ಮೇಲೆ ಅಂಗೈ ಇಟ್ಟೆ. ಎಲ್ಲ ಸರಿಯಿದ್ದರೆ ಆಗಬೇಕಾದದ್ದು ಹೀಗೆ: ಹೆಡ್ ಕೈ ಸುಡುವಷ್ಟಾದರೂ ಮೇಲಿನ ಹೋಸ್ ಕೆಲವು ನಿಮಿಷ ಉಗುರುಬೆಚ್ಚಗೆ ಇರಬೇಕು, ಆಮೇಲೆ ಒಮ್ಮೆಲೇ, ಬಿಸಿನೀರಿನ ನಲ್ಲಿ ತಿರುಗಿಸಿದ ಹಾಗೆ, ಶಾಖ ನುಗ್ಗಿ ಬರಬೇಕು. ಅದು ಥರ್ಮೋಸ್ಟಾಟ್ ಬಾಯಿಬಿಟ್ಟ ಗಳಿಗೆ. ನನ್ನ ಕಾರಿನಲ್ಲಿ ಆ ಗಳಿಗೆ ಬರಲೇ ಇಲ್ಲ. ಶುರುವಿನಿಂದಲೇ ಹೋಸು ಮೆಲ್ಲಮೆಲ್ಲಗೆ ಬಿಸಿಯಾಗುತ್ತಾ ಹೋಯಿತು. ಇಪ್ಪತ್ತು ನಿಮಿಷವಾದರೂ ಸೂಜಿ ಕಾಲು ಭಾಗ ದಾಟಲಿಲ್ಲ. ಘಾಟಿಯಲ್ಲಿ ಕುದಿಯುವ ಎಂಜಿನ್ ಮನೆ ಮುಂದೆ ಬಿಸಿಯೇ ಆಗುವುದಿಲ್ಲ!

ಮೇಲಿನ ಹೋಸ್ ಸೇರುವ ಮೊಣಕೈ ಆಕಾರದ ಮುಚ್ಚಳದ ನಟ್ಟು ಬಿಚ್ಚಿ ನೋಡಿದರೆ ಒಳಗೆ ಥರ್ಮೋಸ್ಟಾಟ್ ಕೂರಬೇಕಾದ ಗುಂಡಿ ಖಾಲಿ.

ನಮ್ಮ ಮೆಕ್ಯಾನಿಕ್‌ಗೆ ಹೇಳಿದಾಗ ಅವರು ನಕ್ಕರು. "ಅದನ್ನ ನಮ್ಮಪ್ಪನ ಕಾಲದಲ್ಲೇ ತೆಗೆದಿರ್ತಾರೆ ಸಾರ್. ಅದು ಇಂಗ್ಲೆಂಡಿನ ಚಳಿಗೆ ಕೊಟ್ಟಿರೋದು. ನಮ್ಮ ಬಿಸಿಲಿಗೆ ಅಡ್ಡ." ಈ ಮಾತನ್ನು ನಾನು ಅದಕ್ಕೆ ಮುಂಚೆಯೂ ಹತ್ತು ಜನರ ಬಾಯಲ್ಲಿ ಕೇಳಿದ್ದೆ. ಹೊಸ ಅಂಬಾಸಿಡರ್ ಕೊಂಡ ವಾರಕ್ಕೇ ಥರ್ಮೋಸ್ಟಾಟ್ ತೆಗೆಸುವುದು ಒಂದು ಸಂಸ್ಕಾರದಂತೆ ನಡೆಯುತ್ತಿತ್ತು ಎಂದು ಹಳಬರು ಹೇಳುತ್ತಾರೆ.

ಅವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಥರ್ಮೋಸ್ಟಾಟ್ ಎಂದರೆ ಒಂದು ಪುಟ್ಟ ಹಿತ್ತಾಳೆ ಡಬ್ಬಿಯಲ್ಲಿ ತುಂಬಿಟ್ಟ ಮೇಣ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಎಂಬವರು ರೂಪಿಸಿದ್ದು. ಗೊತ್ತಾದ ಶಾಖಕ್ಕೆ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ಹೊರಗೆ ದಬ್ಬುತ್ತದೆ, ವಾಲ್ ತೆರೆಯುತ್ತದೆ. ತಣಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಆ ಮೇಣ ಸೋರಿಹೋದರೆ ದಬ್ಬುವವರಿಲ್ಲದೆ ವಾಲ್ ಮುಚ್ಚಿಯೇ ಉಳಿಯುತ್ತದೆ, ಎಂಜಿನ್ ಹತ್ತು ನಿಮಿಷದಲ್ಲಿ ಕುದಿಯುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಹತ್ತಿಕೊಂಡು ವಾಲ್ ಅಂಟಿದರೂ ಅದೇ ಗತಿ. ಅದನ್ನು ತೆರೆದೇ ಕೆಡುವಂತೆ ಮಾಡಿದ್ದರೆ ಯಾರೂ ಕೀಳುತ್ತಿರಲಿಲ್ಲವೇನೋ. ವಿಚಿತ್ರವೆಂದರೆ ಮೇಣಕ್ಕಿಂತ ಹಿಂದಿನ ತಿದಿಯಂಥ ಥರ್ಮೋಸ್ಟಾಟ್‌ಗಳು ತಿದಿ ತೂತಾದರೆ ತೆರೆದೇ ನಿಲ್ಲುತ್ತಿದ್ದವು. ಹೊಸತು ಹೆಚ್ಚು ನಿಖರ, ಹಳೆಯದು ಹೆಚ್ಚು ಕ್ಷಮಾಶೀಲ. ದಾರಿಯಲ್ಲಿ ಕೆಟ್ಟರೆ ಐವತ್ತು ಮೈಲಿ ಸುತ್ತ ಇನ್ನೊಂದು ಸಿಗದ ಕಾಲದಲ್ಲಿ, ಕೆಡಬಹುದಾದ ಭಾಗವನ್ನೇ ತೆಗೆದುಬಿಡುವುದು ಜಾಣತನವೇ ಆಗಿತ್ತು.

ಆದರೆ ಆ ಖಾಲಿ ಗುಂಡಿಯೊಳಗೆ ಟಾರ್ಚ್ ಬಿಟ್ಟಾಗ ಬದಿಗೋಡೆಯಲ್ಲಿ ಒಂದು ತೂತು ಕಂಡಿತು, ಕಿರುಬೆರಳು ತೂರುವಷ್ಟು. ಎಲ್ಲಿಗೆ ಹೋಗುತ್ತದೆ ಇದು? ಎಂಜಿಎ ಕಾರಿನವರ ಬರಹಗಳು ನೆರವಿಗೆ ಬಂದದ್ದು ಇಲ್ಲಿ. ಥರ್ಮೋಸ್ಟಾಟ್ ಮುಚ್ಚಿರುವಾಗ ಪಂಪು ತಳ್ಳಿದ ನೀರು ಹೋಗಲು ದಾರಿ ಬೇಕಲ್ಲ. ನಿಂತರೆ ಹೆಡ್‌ನ ಒಂದೊಂದು ಮೂಲೆ ಒಂದೊಂದು ಥರ ಕಾಯುತ್ತದೆ. ಅದಕ್ಕೆ ಈ ತೂತು. ಎರಕದ ಒಳಗೇ ಕೊರೆದ ದಾರಿಯಲ್ಲಿ ನೀರು ರೇಡಿಯೇಟರ್ ಕಡೆ ಹೋಗದೆ ನೇರ ಪಂಪಿಗೆ ವಾಪಸ್ಸು. ಬೈಪಾಸ್. ಇಂಗ್ಲೆಂಡಿನ ಮೂಲ ಥರ್ಮೋಸ್ಟಾಟ್‌ಗೆ ಒಂದು ಸುತ್ತುಪಟ್ಟಿ ಇರುತ್ತಿತ್ತು. ವಾಲ್ ತೆರೆಯುತ್ತಿದ್ದಂತೆ ಆ ಪಟ್ಟಿ ಸರಿದು ಈ ತೂತನ್ನು ಮುಚ್ಚುತ್ತಿತ್ತು. ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚುವ ಏರ್ಪಾಡು. ಥರ್ಮೋಸ್ಟಾಟ್ ಕಿತ್ತಾಗ ಪಟ್ಟಿಯೂ ಹೋಯಿತು. ರೇಡಿಯೇಟರ್ ಬಾಗಿಲು ಸದಾ ತೆರೆದಿದೆ ಎಂದು ನಾವು ಖುಷಿಪಟ್ಟೆವು. ಬೈಪಾಸ್ ಬಾಗಿಲೂ ಸದಾ ತೆರೆದಿದೆ ಎಂದು ಯಾರೂ ನೋಡಲಿಲ್ಲ. ಕಾದ ನೀರಿನ ಒಂದು ಪಾಲು ತಣಿಯದೆಯೇ ಮತ್ತೆ ಸಿಲಿಂಡರ್‌ಗಳ ಕಡೆ ಹೊರಡುತ್ತದೆ. ಊರೊಳಗಿನ ಓಡಾಟದಲ್ಲಿ ಇದು ಗೊತ್ತೇ ಆಗುವುದಿಲ್ಲ. ಘಾಟಿಯಲ್ಲಿ, ಎಂಜಿನ್ ಪೂರ್ತಿ ಹೊರೆ ಹೊತ್ತು ಮುಂದಿನಿಂದ ಗಾಳಿ ಬೀಸದಿರುವಾಗ ಗೊತ್ತಾಗುತ್ತದೆ.

ಸೆಕೆ ದೇಶಗಳಲ್ಲಿ ಥರ್ಮೋಸ್ಟಾಟ್ ಬೇಡದವರಿಗೆಂದೇ ಬಿಎಂಸಿಯವರು ಬ್ಲ್ಯಾಂಕಿಂಗ್ ಸ್ಲೀವ್ ಎಂಬ ಬರಿಯ ಬಳೆಯೊಂದನ್ನು ಮಾಡಿದ್ದರು. ಥರ್ಮೋಸ್ಟಾಟ್ ಜಾಗದಲ್ಲಿ ಅದನ್ನಿಟ್ಟರೆ ದಾರಿ ತೆರೆದಿರುತ್ತದೆ, ಬೈಪಾಸ್ ಮುಚ್ಚಿರುತ್ತದೆ. ನಮ್ಮವರು ತೆಗೆಯುವುದನ್ನು ಕಲಿತರು, ಬಳೆ ತೊಡಿಸುವುದು ಮರೆಯಿತು.

ಇನ್ನು ತಣ್ಣಗೆ ಓಡುವ ಎಂಜಿನ್ ಒಳ್ಳೆಯದು ಎನ್ನುವ ನಂಬಿಕೆ. ಅದೂ ಪೂರ್ತಿ ನಿಜವಲ್ಲ. ಸಿಲಿಂಡರ್‌ನ ತಣ್ಣಗಿನ ಗೋಡೆಗೆ ತಾಗಿದ ಪೆಟ್ರೋಲ್ ಉರಿಯದೆ ಹನಿಯಾಗಿ ಕೆಳಗಿಳಿದು ಆಯಿಲ್ ಸೇರುತ್ತದೆ, ಆಯಿಲ್ ತೆಳುವಾಗುತ್ತದೆ, ಆ ಗೋಡೆ ಸವೆಯುತ್ತದೆ. ಬಿಎಂಸಿ ಎಂಜಿನ್‌ಗಳಿಗೆ 74, 82, 88 ಡಿಗ್ರಿಯ ಥರ್ಮೋಸ್ಟಾಟ್‌ಗಳಿದ್ದವು, ಬಿಸಿಲು ನಾಡಿಗೆ 74ರದ್ದು. ಸಾಮಾನ್ಯದ 82ಕ್ಕೂ ಅದಕ್ಕೂ ಎಂಟೇ ಡಿಗ್ರಿ ಅಂತರ. ನಮ್ಮ ಬಿಸಿಲಿಗೆಂದು ಅವರು ಕೊಟ್ಟ ರಿಯಾಯಿತಿ ಅಷ್ಟೇ.

ಥರ್ಮೋಸ್ಟಾಟ್ ಒಂದರಿಂದಲೇ ಕುದಿ ಬಂತು ಎಂದರೆ ಅದು ಸುಳ್ಳಾದೀತು. ಎಂಜಿನ್ ಬ್ಲಾಕ್‌ನ ಹಿಂಬದಿಯಲ್ಲಿ ನೀರು ಬಸಿಯಲು ಒಂದು ಪುಟ್ಟ ನಲ್ಲಿ ಇದೆ. ತಿರುಗಿಸಿದೆ, ಒಂದು ಹನಿ ಬರಲಿಲ್ಲ. ತಂತಿ ತೂರಿಸಿ ಕೆದಕಿದೆ. ಕೆದಕಿದಷ್ಟೂ ತುಕ್ಕಿನ ಪುಡಿ. ಕೊನೆಗೆ ಬುಳಕ್ಕನೆ ರಾಗಿ ಅಂಬಲಿಯ ಹಾಗೆ ಕಂದು ರಾಡಿ ಬಿತ್ತು. ಪಂಪ್ ಇರುವುದು ಎಂಜಿನ್‌ನ ಮುಂಭಾಗದಲ್ಲಿ, ನಾಲ್ಕನೇ ಸಿಲಿಂಡರ್ ಹಿಂದಿನ ಗೋಡೆಗೆ ಒತ್ತಿಕೊಂಡು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊರೂರಿನಲ್ಲಿ ಹೇಮಾವತಿ ಎಷ್ಟೇ ತುಂಬಿದ್ದರೂ ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟುವಷ್ಟರಲ್ಲಿ ಹರಿವು ಸೋತಿರುತ್ತದೆ, ಹೂಳು ಮಾತ್ರ ಬಂದು ಕೂರುತ್ತದೆ. ನಾಲ್ಕನೇ ಸಿಲಿಂಡರ್ ಆ ಕೊನೆಯ ಗದ್ದೆ. ಬಿಸಿ ಸೂಜಿಗೆ ಸುದ್ದಿ ಹೋಗುವುದು ಮುಂಭಾಗದಿಂದ. ಹಿಂದಿನವನ ಗೋಳು ಅದಕ್ಕೆ ಕೇಳಿಸುವುದಿಲ್ಲ.

ಬ್ಲಾಕ್‌ನ ಬದಿಯಲ್ಲಿ ಬಟ್ಟಲು ಕವುಚಿದಂತೆ ಕೂತಿರುವ ತಗಡಿನ ವೆಲ್ಷ್ ಪ್ಲಗ್‌ಗಳನ್ನೂ ತೆಗೆಸಿದೆವು. ನೀರು ಹೆಪ್ಪುಗಟ್ಟಿದರೆ ಬ್ಲಾಕ್ ಒಡೆಯದಿರಲಿ ಎಂದು ಇಟ್ಟಿರುವ ಪ್ಲಗ್ ಅವು ಎನ್ನುವವರಿದ್ದಾರೆ. ಎರಕ ಹೊಯ್ಯುವಾಗ ಒಳಗಿಟ್ಟ ಮರಳಿನ ಅಚ್ಚನ್ನು ಹೊರತೆಗೆಯಲು ಬಿಟ್ಟ ಕಿಂಡಿಗಳು ಅವು, ಆಮೇಲೆ ಮುಚ್ಚಿದ್ದು. ಆ ಕಿಂಡಿಯಿಂದ ನಾಲ್ಕನೇ ಸಿಲಿಂಡರ್‌ನ ಬುಡ ನೋಡಿದೆ. ಅರ್ಧ ಹೂತುಹೋಗಿತ್ತು. ಚಮಚದಲ್ಲಿ ಮೊಗೆದು ತೆಗೆದೆವು ಎಂದರೆ ನಂಬಬೇಕು.

ರೇಡಿಯೇಟರ್ ಕೆಲಸದವರದು ಒಂದು ಬೇರೆಯದೇ ಲೋಕ. ಹಿತ್ತಾಳೆ-ತಾಮ್ರದ ರೇಡಿಯೇಟರ್ ಈಗಿನ ಅಲ್ಯುಮಿನಿಯಂ-ಪ್ಲಾಸ್ಟಿಕ್‌ನ ಹಾಗೆ ಬಿಸಾಡುವ ವಸ್ತುವಲ್ಲ, ಬಿಚ್ಚಬಹುದು. ಅವರು ಉರಿಯ ನಾಲಗೆ ಹಿಡಿದು ಬೆಸುಗೆ ಕರಗಿಸಿ ಮೇಲಿನ ಟ್ಯಾಂಕನ್ನು ಡಬ್ಬಿಯ ಮುಚ್ಚಳದಂತೆ ಎತ್ತಿದರು. ಒಳಗೆ ಚಪ್ಪಟೆ ಕೊಳವೆಗಳ ಸಾಲು. ಮೂರರಲ್ಲಿ ಒಂದು ಸುಣ್ಣಗಟ್ಟಿ ಮುಚ್ಚಿತ್ತು. ನಾಲ್ಕು ವರ್ಷ ಭಾನುವಾರ ಭಾನುವಾರ ಚೊಂಬಿನಲ್ಲಿ ನಾನೇ ಸುರಿದ ಬೋರ್ ನೀರು ಅದು. ನೀರಷ್ಟೇ ಆವಿಯಾಗಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಮನೆಯ ಗೀಸರ್ ಕಾಯಿಲ್ ನೋಡಿದವನಿಗೆ ಇದು ಹೊಳೆಯಬೇಕಿತ್ತು. ಅವರು ಪ್ರತಿ ಕೊಳವೆಗೂ ಚಪ್ಪಟೆ ಪಟ್ಟಿ ತೂರಿಸಿ, ಎಳೆದು, ಮತ್ತೆ ಬೆಸೆದು ಕೊಟ್ಟರು. ಈಗ ಡಿಸ್ಟಿಲ್ಡ್ ವಾಟರ್‌ಗೆ ಮೂರರಲ್ಲೊಂದು ಪಾಲು ಹಸಿರು ಕೂಲೆಂಟ್. ಅರ್ಧಕ್ಕರ್ಧ ಹಾಕಬೇಕು ಎನ್ನುವವರಿದ್ದಾರೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಶಾಖ ಹೊರುವುದರಲ್ಲಿ ಬರಿ ನೀರೇ ಗ್ಲೈಕಾಲ್‌ಗಿಂತ ಗಟ್ಟಿಗ. ನಮಗೆ ಬೇಕಿರುವುದು ಅದರಲ್ಲಿನ ತುಕ್ಕು ತಡೆಯುವ ಗುಣ. ಒಂದು ಎಚ್ಚರ: ಕೂಲೆಂಟ್ ಸಿಹಿಯಾಗಿರುತ್ತದೆ ಮತ್ತು ವಿಷ. ಬಸಿದದ್ದನ್ನು ನಾಯಿ ಬೆಕ್ಕು ನೆಕ್ಕುವ ಕಡೆ ಬಿಡಬಾರದು.

ಕ್ಯಾಪಿನ ಬಗ್ಗೆಯೂ ಹೇಳಬೇಕು, ನಾನು ಅದನ್ನು ಬರಿ ಮುಚ್ಚಳ ಅಂದುಕೊಂಡಿದ್ದೆ. ಹಾಸನ, ಸಕಲೇಶಪುರದ ಎತ್ತರದಲ್ಲಿ ನೀರು ನೂರಕ್ಕಲ್ಲ, 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ನನ್ನ ಕ್ಯಾಪಿನ ಮೇಲೆ 7 ಎಂದು ಕೊರೆದಿದೆ, ಏಳು ಪೌಂಡ್ ಒತ್ತಡ. ಪ್ರತಿ ಪೌಂಡಿಗೆ ಕುದಿಯುವ ಮಟ್ಟ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ. ಕುಕ್ಕರ್‌ನ ವೆಯ್ಟ್ ಮಾಡುವ ಕೆಲಸವೇ. ಸರಿಯಾದ ಕ್ಯಾಪ್ ಇದ್ದರೆ ನಮ್ಮ ಎತ್ತರದಲ್ಲೂ 109ರ ತನಕ ಕುದಿ ಇಲ್ಲ. ನನ್ನದರ ರಬ್ಬರ್ ಸತ್ತಿತ್ತು. ಕ್ಯಾಪಿನ ನಡುವೆ ಇನ್ನೊಂದು ಪುಟ್ಟ ವಾಲ್ ಇದೆ. ಎಂಜಿನ್ ತಣಿದು ನೀರು ಕುಗ್ಗಿದಾಗ ಒಳಗೆ ಗಾಳಿ ಬಿಡುವುದು ಅದರ ಕೆಲಸ. ಅದು ಅಂಟಿಕೊಂಡರೆ ತಣಿದ ಕಾರಿನ ಹೋಸ್ ಬೆಳಿಗ್ಗೆ ಹೀರಿದ ಮಾವಿನಹಣ್ಣಿನಂತೆ ಚಪ್ಪಟೆಯಾಗಿರುತ್ತದೆ. ಹಳೆ ಕಾರುಗಳಲ್ಲಿ ಉಕ್ಕಿದ ನೀರನ್ನು ಹಿಡಿಯುವ ಬಾಟಲಿ ಇಲ್ಲ. ಕುತ್ತಿಗೆಯ ತನಕ ತುಂಬಿಸಿದರೆ ಹಿಗ್ಗಿದ ನೀರು ಸಣ್ಣ ಪೈಪಿನಿಂದ ರಸ್ತೆಗೆ ಹೋಗುತ್ತದೆ. ಮರುದಿನ ಕಡಿಮೆಯಾಗಿದೆ ಎಂದು ಮತ್ತೆ ತುಂಬಿಸುತ್ತೇವೆ, ಅದು ಮತ್ತೆ ಚೆಲ್ಲುತ್ತದೆ. ನನ್ನ ಭಾನುವಾರದ ಚೊಂಬಿನ ಪೂಜೆಯಲ್ಲಿ ಅರ್ಧದಷ್ಟು ಇದೇ ಇರಬೇಕು. ಬಾಯಿಯಿಂದ ಎರಡು ಬೆರಳು ಕೆಳಗೆ ಬಿಟ್ಟರೆ ಸಾಕಿತ್ತು.

ಇಷ್ಟಾದ ಮೇಲೆ ಯಾರಾದರೂ ಕಾರು ಹೀಟ್ ಆಗುತ್ತದೆ ಎಂದರೆ ನಾನು ಮೊದಲು ಕೇಳುವುದು ಎಲ್ಲಿ, ಯಾವಾಗ ಎಂದು. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡಿದಾಗ ಇಳಿದರೆ ಅದು ಗಾಳಿಯ ಕೊರತೆ: ಬೆಲ್ಟ್, ಫ್ಯಾನ್, ರೇಡಿಯೇಟರ್ ಮುಂದೆ ಹತ್ತಿದ ಹುಳು ಹುಪ್ಪಟೆ. ನಿಂತಾಗ ಸರಿಯಿದ್ದು ಹೈವೇಯಲ್ಲಿ ಏರಿದರೆ ನೀರಿನ ಕೊರತೆ: ಕಟ್ಟಿದ ಕೊಳವೆ, ಅಥವಾ ಪಂಪ್ ಎಳೆಯುವ ರಭಸಕ್ಕೆ ಮುದಿ ಕೆಳಹೋಸ್ ಒಳಗೆ ಕುಸಿದು ಅಂಟಿಕೊಳ್ಳುವುದು. ನಿಲ್ಲಿಸಿ ನೋಡುವಷ್ಟರಲ್ಲಿ ಹೋಸ್ ಮತ್ತೆ ಉಬ್ಬಿ ಸಾಚಾ ಆಗಿರುತ್ತದೆ, ಹಾಗಾಗಿ ಈ ಕಳ್ಳ ಸಿಗುವುದು ಕಷ್ಟ. ಕ್ಯಾಪ್ ತೆಗೆದು ತಣ್ಣನೆಯ ಎಂಜಿನ್ ಶುರು ಮಾಡಿದ ಕೂಡಲೇ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಗ ಮಾತಿಲ್ಲ, ಖರ್ಚು.

82ರ ಥರ್ಮೋಸ್ಟಾಟ್ ಹಾಕಿದೆ. ಸುತ್ತುಪಟ್ಟಿಯದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗಲಿಲ್ಲ. ಬದಲಿಗೆ ಬೈಪಾಸ್ ತೂತಿಗೆ ನಡುವೆ ಸಣ್ಣ ಕಿಂಡಿ ಬಿಟ್ಟ ಹಿತ್ತಾಳೆ ಬಿರಡೆ ಮಾಡಿಸಿ ಕೂರಿಸಿದೆ. ಶುದ್ಧ ಮಡಿಯವರು ಒಪ್ಪಲಿಕ್ಕಿಲ್ಲ. ಆ ಬಿರಡೆಯ ಅಳತೆ ತೆಗೆಯಲು ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದಿದ್ದೆ. ಅವರು ತೂತಿಗೆ ಬೆರಳು ಹಾಕಿ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಅಟ್ಟದಿಂದ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ತಂದು ನನ್ನ ಮುಂದೆ ಬೋರಲು ಹಾಕಿದರು. ಮೂವತ್ತು ನಲವತ್ತು ಥರ್ಮೋಸ್ಟಾಟ್‌ಗಳು. ಅವರಪ್ಪ ಕಿತ್ತದ್ದು, ಇವರು ಕಿತ್ತದ್ದು. ಕೆಲವಕ್ಕೆ ಹಸಿರು ಕಿಲುಬು, ಕೆಲವು ಒಂದು ದಿನವೂ ದುಡಿಯದ ಹೊಳಪಿನಲ್ಲಿ.

"ಎಷ್ಟು ಚೆನ್ನಾಗಿವೆ ನೋಡೋಣ್ವಾ ಸಾರ್?" ಎಂದು ಟೀ ಕಾಯಿಸುವ ಪಾತ್ರೆಯನ್ನು ಸ್ಟವ್ ಮೇಲಿಟ್ಟರು. ನೀರು ಬಿಸಿಯಾಗಿ ತಳದಿಂದ ಗುಳ್ಳೆ ಏಳತೊಡಗಿದಾಗ ಮೊದಲ ಐದರಲ್ಲಿ ನಾಲ್ಕು ಸದ್ದಿಲ್ಲದೆ ಬಾಯಿಬಿಟ್ಟವು. ಅವರು ಇಕ್ಕಳದಲ್ಲಿ ಒಂದೊಂದನ್ನೇ ಎತ್ತಿ ತಣಿಯಲು ಬಿಟ್ಟು, ಮುಚ್ಚಿಕೊಂಡ ಮೇಲೆ ಮತ್ತೆ ನೀರಿಗೆ ಹಾಕಿದರು.